ಗುಡಿಗೆ ಕೊಡದ ಕೀಲಿ

ಅರಸೀಕೆರೆಯ ನಮ್ಮ ಬೀದಿಯಲ್ಲಿ ಯಾರನ್ನೇ ಕೇಳಿ, ಒಂದೇ ಕಥೆ ಹೇಳುತ್ತಾರೆ. ಎದುರಂಗಡಿ ಅಕ್ಕನ ಕಲ್ಲು ಕೊಯ್ಯುವ ಮಷೀನು ಕಳುವಾಯಿತಂತೆ. ಅಕ್ಕ ಕಣಕಟ್ಟೆ ರಸ್ತೆಯ ಅಮ್ಮನ ಗುಡಿಗೆ ಹೋಗಿ ಬೀಗ ಹಾಕಿ ಬಂದಳಂತೆ. ದಸರಾ ಮುಗಿಯುವುದರೊಳಗೆ ಅಮ್ಮ ಮಷೀನು ಕೊಡಿಸಿಬಿಟ್ಟಳಂತೆ. ಕಥೆ ಚೆನ್ನಾಗಿದೆ. ಚಿಕ್ಕದು, ಒಂದು ಕಾಫಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸಬಹುದು. ಬೀಗ ಹಾಕಿದ್ದು ನಿಜ, ಮಷೀನು ಸಿಕ್ಕಿದ್ದೂ ನಿಜ. ಆದರೆ ಮೊದಲನೆಯದರಿಂದಲೇ ಎರಡನೆಯದಾಯಿತು ಎನ್ನುವುದಕ್ಕೆ ಸಾಕ್ಷಿ ಎಲ್ಲಿದೆ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನಲ್ಲಿ ನಾನು ಮೊದಲು ಹುಡುಕುತ್ತಿದ್ದದ್ದು ಇಂಥ ಬಿರುಕನ್ನೇ. ಈ ಕಥೆಯಲ್ಲಿ ಬಿರುಕು ಹುಡುಕುವ ಕಷ್ಟವೂ ನನಗಿಲ್ಲ. ಮಷೀನು ಸಿಕ್ಕಿದಾಗ ಅಲ್ಲಿ ನಾನಿದ್ದೆ.

ಮೊನ್ನೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಉಗುರುಬಣ್ಣದ ಶೀಶೆ ತೆರೆದಳು. ಆ ಘಾಟು ಮೂಗಿಗೆ ಬಡಿದದ್ದೇ, ಬೇರೆಯವರಿಗಾದರೆ ಮದುವೆಮನೆಯೋ ಚೌಲ್ಟ್ರಿಯೋ ನೆನಪಾಗುತ್ತಿತ್ತು. ನನಗೆ ನೆನಪಾದದ್ದು ಸುಟ್ಟ ಕಾರ್ಬನ್ನು, ಮೋಟಾರಿನ ವಾರ್ನಿಷ್ಷು, ತಾಮ್ರದ ತಂತಿ... ಮತ್ತು ಎದುರಂಗಡಿ ಅಕ್ಕನ ಕಪ್ಪು ಹಿಡಿದ ಬೆರಳುಗಳು.

ಅಂಗಡಿ ನಮ್ಮ ಮನೆಯ ಎದುರಿಗೇ ಇತ್ತು, ಅದಕ್ಕೇ ಎದುರಂಗಡಿ ಅಕ್ಕ. ಅವಳ ಗಂಡ ತೋಟದ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದವರು. ಜೊತೆಗೆ ಡ್ರಿಲ್ಲು, ಮರ ಕೊಯ್ಯುವ ಮಷೀನು, ಕಲ್ಲು ಕೊಯ್ಯುವ ಮಷೀನು ಬಾಡಿಗೆಗೆ ಕೊಡುತ್ತಿದ್ದರು. ಕಾಯಿಲೆ ಬಿದ್ದು ಅವರು ತೀರಿಕೊಂಡ ಮೇಲೆ ಅಂಗಡಿಯ ಬಾಗಿಲು ಇನ್ನು ತೆರೆಯುವುದಿಲ್ಲ ಎಂದೇ ಬೀದಿಯವರೆಲ್ಲ ಅಂದುಕೊಂಡಿದ್ದರು. ತಿಥಿ ಮುಗಿದ ಮಾರನೆಯ ದಿನ ಅಕ್ಕ ಬಾಗಿಲು ತೆಗೆದು, ಗಂಡನ ಸ್ಟೂಲಿನ ಮೇಲೆ ಕೂತು, ಅರ್ಧಕ್ಕೆ ನಿಂತಿದ್ದ ಒಂದು ಮೋಟಾರಿಗೆ ತಂತಿ ಸುತ್ತತೊಡಗಿದಳು. ನೋಡೀ ನೋಡೀ ಕಲಿತದ್ದು. ಮೊದಲೆರಡು ಮೋಟಾರು ಸುಟ್ಟವು. ಮೂರನೆಯದು ತಿರುಗಿತು.

ಬಾಡಿಗೆ ಮಷೀನು ಅಂದರೆ ಯಾವಾಗಲೂ ಕಳ್ಳತನದ ಭಯ. ಬೆಳಿಗ್ಗೆ ಕೊಟ್ಟದ್ದು ಸಂಜೆ ಬರಬೇಕು. ಬರದಿದ್ದರೆ ಯಾವ ಊರಿನ ಯಾವ ಕಟ್ಟಡದಲ್ಲಿ ಹುಡುಕುವುದು? ಅದಕ್ಕೆ ಅಕ್ಕ ಒಂದು ಪದ್ಧತಿ ಮಾಡಿದಳು. ಮಷೀನು ಒಯ್ಯುವವನು ತನ್ನದೇ ಒಂದು ಕೈಸಾಮಾನನ್ನು ಒತ್ತೆ ಇಟ್ಟು ಹೋಗಬೇಕು. ಬಡಗಿಯಾದರೆ ಉಳಿ, ಗಾರೆಯವನಾದರೆ ಕರಣೆ, ಕಲ್ಲಿನವನಾದರೆ ಸುತ್ತಿಗೆ. ದುಡ್ಡು ಮುಂಗಡ ಕೊಡುತ್ತೇನೆ ಎಂದರೂ ಕೇಳುತ್ತಿರಲಿಲ್ಲ.

"ದುಡ್ಡಿಗೆ ಯಾರ ಕೈಯಾದ್ರೂ ಒಂದೇ. ಉಳಿಗೆ ಹಂಗಲ್ಲ. ನಿಮ್ಮ ಕೈ ಬಿಟ್ರೆ ಅದು ಬೇರೆಯೋರ ಮಾತು ಕೇಳಲ್ಲ. ಅದುಕ್ಕೋಸ್ಕರಾದ್ರೂ ವಾಪಸ್ ಬತ್ತೀರ," ಅನ್ನುತ್ತಿದ್ದಳು.

ಗಂಡಸರು ಗೊಣಗುತ್ತಿದ್ದರು, ನಗುತ್ತಿದ್ದರು, ಕೊನೆಗೆ ಇಟ್ಟು ಹೋಗುತ್ತಿದ್ದರು. ಅಂಗಡಿಯ ಗೋಡೆ ತುಂಬ ಮೊಳೆ ಹೊಡೆದು ಆ ಉಳಿ, ಕರಣೆ, ಸುತ್ತಿಗೆಗಳನ್ನು ತೂಗುಹಾಕಿದ್ದಳು. ಹಿಡಿಗಳೆಲ್ಲ ಬೆವರು ಕುಡಿದು ಹೊಳೆಯುತ್ತಿದ್ದವು. ಒತ್ತೆ ಇಲ್ಲದೆ ಮಷೀನು ಮುಟ್ಟಬಹುದಾಗಿದ್ದವರು ಮನೆಯವರು ಮಾತ್ರ. ಮನೆಯವರಿಂದ ಒತ್ತೆ ಕೇಳುವುದುಂಟೇ! ಅವಳ ಪದ್ಧತಿಯಲ್ಲಿ ಇದ್ದ ತೂತು ಅದೊಂದೇ.

ಇನ್ನು ಗುರುತು. ಪ್ರತಿ ಮಷೀನಿನ ಮೈಮೇಲೂ ಬಿಳಿ ಪೇಂಟಿನಲ್ಲಿ ಅಂಗಡಿಯ ಹೆಸರು ಬರೆಸಿದ್ದಳು. ಅದನ್ನು ಯಾರು ಬೇಕಾದರೂ ಕೆರೆದು ತೆಗೆಯಬಹುದು ಎಂದು ನಾನು ವಾದ ಹೂಡಿದೆ. ಆಗ ನಾನು ಪಿಯುಸಿ, ಎಲ್ಲದಕ್ಕೂ ವಾದ ಹೂಡುತ್ತಿದ್ದ ಕಾಲ. ಅಕ್ಕ ಮಷೀನಿನ ಪಕ್ಕೆಯನ್ನು ತೋರಿಸಿದಳು. ಅಲ್ಲಿ ನಾಣ್ಯದಷ್ಟು ಅಗಲದ ಕಪ್ಪು ಮುಚ್ಚಳ, ಆಚೆ ಪಕ್ಕೆಯಲ್ಲಿ ಇನ್ನೊಂದು. ಅದರೊಳಗೆ ಕಾರ್ಬನ್ ತುಂಡುಗಳಿರುತ್ತವೆ. ಸವೆದಾಗ ಮುಚ್ಚಳ ತಿರುಗಿಸಿ ಬದಲಾಯಿಸಬೇಕು.

"ನಿನ್ನ ಉಗುರುಬಣ್ಣ ತಗೊಂಡ್ ಬಾರೇ," ಎಂದಳು.

ಮನೆಯಲ್ಲಿ ಬೈಸಿಕೊಂಡು ಕೊಂಡಿದ್ದ ಗುಲಾಬಿ ಬಣ್ಣದ ಶೀಶೆ ಅದು. ಅಕ್ಕ ಮುಚ್ಚಳ ಬಿಚ್ಚಿ ಕೊಟ್ಟಳು, ನಾನು ಒಳಗಡೆ ಒಂದೊಂದು ಬೊಟ್ಟು ಇಟ್ಟೆ. ಅಂಗಡಿಯ ಎಲ್ಲ ಮಷೀನಿಗೂ ಹೀಗೆ ಒಳಗೊಳಗೇ ಬೊಟ್ಟು.

"ಹೊರಗೆ ಬರ್ದಿರೋದು ಕಳ್ಳ ಓದ್ಲಿ ಅಂತ. ಇದು ನಾವ್ ಓದೋಕೆ," ಎಂದು ಮುಚ್ಚಳ ಬಿಗಿಮಾಡಿದಳು.

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಅಂಗಡಿ ತೆರೆದಾಗ ಕಲ್ಲು ಕೊಯ್ಯುವ ಹೊಸ ಮಷೀನು ಇರಲಿಲ್ಲ. ಉಳಿದದ್ದೆಲ್ಲ ಇದ್ದಲ್ಲೇ ಇತ್ತು. ಬೀಗ ಒಡೆದಿರಲಿಲ್ಲ, ಅಗಳಿ ಬಗ್ಗಿರಲಿಲ್ಲ. ಬೀದಿಯವರ ತೀರ್ಪು ಬಂದದ್ದು ಪೊಲೀಸರಿಗಿಂತ ಮುಂಚೆ: ಹೆಂಗಸು, ಬೀಗ ಹಾಕುವುದನ್ನು ಮರೆತಿರಬೇಕು. ಅಕ್ಕ ಮರೆತಿರಲಿಲ್ಲ. ಪ್ರತಿ ಸಂಜೆ ಬೀಗ ಹಾಕಿ, ಅದನ್ನು ಹಿಡಿದು ಜಗ್ಗಿ ನೋಡಿ, ಆಮೇಲೆ ನಮ್ಮ ಜಗಲಿಯ ಕಡೆ ತಿರುಗಿ "ಬತ್ತೀನಿ ಕಣೇ" ಎನ್ನುತ್ತಿದ್ದಳು. ಹಿಂದಿನ ಸಂಜೆಯೂ ಹಾಗೇ ಜಗ್ಗಿದ್ದನ್ನು ನಾನು ನೋಡಿದ್ದೆ, ಹೇಳಿದೆ ಕೂಡ. ನನ್ನ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಬೀಗಕ್ಕೆ ಇನ್ನೊಂದು ಕೀಲಿ ಅಕ್ಕನ ಅತ್ತೆಯ ಮನೆಯ ದೇವರ ಗೂಡಿನಲ್ಲಿ ನೇತಾಡುತ್ತಿತ್ತು ಎಂಬುದನ್ನೂ ಯಾರೂ ಎತ್ತಲಿಲ್ಲ.

ಅಂಗಡಿಯ ಮಳಿಗೆ ಅತ್ತೆಯ ಹೆಸರಿನಲ್ಲಿತ್ತು. ಅಕ್ಕನ ಮೈದುನ, ಅಂದರೆ ಗಂಡನ ತಮ್ಮ, ಅಲ್ಲೊಂದು ಎಸ್‌ಟಿಡಿ ಬೂತ್ ಇಡಬೇಕೆಂದು ವರ್ಷದಿಂದ ಹಠ ಹಿಡಿದಿದ್ದ. ಕಳ್ಳತನವಾದ ವಾರದಲ್ಲೇ ಅಂಗಡಿಯ ಪಕ್ಕದ ಅತ್ತೆಯ ಮನೆಯೊಳಗೆ ಮಾತುಕತೆಯಾಯಿತು. ನಮ್ಮ ಜಗಲಿಗೆ ಎಲ್ಲ ಕೇಳುತ್ತಿತ್ತು.

"ನೋಡು ಅತ್ತಿಗೆ, ಗಂಡಸ್ರು ಹಿಡಿಯೋ ಸಾಮಾನು ಇವು. ನಿನ್ ಕೈಲಿ ಕಾಯೋಕಾಗಲ್ಲ. ಇವತ್ತು ಒಂದು ಹೋಯ್ತು, ನಾಳೆ ಎಲ್ಲಾ ಹೋಗ್ತವೆ," ಎಂದ ಮೈದುನ.

"ಹೋದದ್ದು ಸಿಗ್ತದೆ."

"ಎಲ್ಲಿ ಸಿಗ್ತದೆ? ಯಾವತ್ತು ಸಿಗ್ತದೆ?"

"ದಸರಾ ಮುಗಿಯೋದ್ರೊಳಗೆ."

ಅತ್ತೆ ಅಲ್ಲೇ ಗಂಟು ಹಾಕಿದರು: ದಸರಾ ಮುಗಿಯುವುದರೊಳಗೆ ಮಷೀನು ಸಿಗದಿದ್ದರೆ ಅಂಗಡಿ ಮೈದುನನಿಗೆ; ಸೊಸೆ ಅರೇಹಳ್ಳಿಯ ತವರಿಗೆ. ಅಕ್ಕ ಆಗಲಿ ಎಂದಳು. ಒಪ್ಪಿದಳಲ್ಲ ಎಂದು ನನಗೆ ಸಿಟ್ಟು. ದಸರಾ ಎಂದು ಅವಳು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿರಲಿಲ್ಲ ಎಂಬುದು ನನಗೆ ಗೊತ್ತಾಗಿದ್ದು ಆಮೇಲೆ.

ನಡುವೆ ಗುಡಿಯ ಪ್ರಸಂಗ. ಕಣಕಟ್ಟೆ ರಸ್ತೆಯ ಆ ಗುಡಿಯಲ್ಲಿ ಒಂದು ನಡಾವಳಿ ಇದೆ. ಸಾಮಾನು ಕಳವಾದವರು ಅಲ್ಲಿನ ಕಬ್ಬಿಣದ ಕಟಕಟೆಗೆ ಬೀಗ ಹಾಕಿ, ಕೀಲಿಯನ್ನು ಪೂಜಾರಿಯ ಕೈಗೆ ಕೊಡಬೇಕು. ಕೀಲಿ ಅಮ್ಮನ ಪಾದ ಸೇರಿದರೆ ಕದ್ದವನ ಉಸಿರಿಗೆ ಬೀಗ ಬೀಳುತ್ತದಂತೆ; ಕದ್ದದ್ದನ್ನು ತಂದುಕೊಟ್ಟು, ಆ ಬೀಗ ಬಿಚ್ಚುವವರೆಗೂ ಬಿಡುವುದಿಲ್ಲವಂತೆ. ಅತ್ತೆಯೇ ಮುಂದೆ ನಿಂತು ಕರೆದುಕೊಂಡು ಹೋದರು. ಮೈದುನನೂ ಬಂದಿದ್ದ, ನಾನೂ ಹೋಗಿದ್ದೆ. ಎಲ್ಲರೂ ಹೊಸ ಬೀಗ ತರುತ್ತಾರೆ. ಅಕ್ಕ ಸೆರಗಿನೊಳಗಿಂದ ತೆಗೆದದ್ದು ಅಂಗಡಿಯ ಹಳೇ ಬೀಗ.

"ಇದ್ಯಾಕೆ ತಂದೆ?" ಎಂದರು ಅತ್ತೆ.

"ಅಲ್ಲಂತೂ ಕೆಲಸ ಮಾಡ್ಲಿಲ್ಲ. ಇಲ್ಲಾದ್ರೂ ಮಾಡ್ತದೇನೋ ನೋಡಾಣ."

ಬೀಗ ಹಾಕಿ ಜಗ್ಗಿ ನೋಡಿದಳು. ಪೂಜಾರಿ ಕೈ ಚಾಚಿದರು. ಅಕ್ಕ ಕೀಲಿಯನ್ನು ಸೆರಗಿನ ಚುಂಗಿಗೆ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೀಲಿ ಕೊಡಬೇಕಮ್ಮ."

"ಬೀಗ ಅಮ್ಮಂಗೆ ಇರ್ಲಿ ಸ್ವಾಮಿ. ಕೀಲಿ ನನ್ನತ್ರ ಇರ್ತದೆ. ಅಮ್ಮನ ಕೈಲಿ ಆಗ್ದಿದ್ರೆ ನಾನೇ ತೆಗೀಬೇಕಲ್ಲ?"

ಪೂಜಾರಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. ನಾನು ನಗು ತಡೆಯಲಾರದೆ ಹೊರಗೆ ಬಂದೆ. ಈಗ ಕಥೆ ಹೇಳುವವರು ಈ ಭಾಗವನ್ನು ನುಂಗಿಬಿಡುತ್ತಾರೆ. ಆ ಗುಡಿಯ ನಂಬಿಕೆಯ ಪ್ರಕಾರವೇ ಕೀಲಿ ಕೊಡದಿದ್ದರೆ ಹರಕೆ ಪೂರ್ತಿಯಾಗುವುದಿಲ್ಲ. ಪೂರ್ತಿಯಾಗದ ಹರಕೆಗೆ ಅಮ್ಮ ಓಗೊಟ್ಟಳು ಅನ್ನುವುದಾದರೆ, ಅವರು ತಮ್ಮ ನಡಾವಳಿಯನ್ನಾದರೂ ಬಿಡಬೇಕು, ಕಥೆಯನ್ನಾದರೂ ಬಿಡಬೇಕು.

ಆಯುಧಪೂಜೆಯ ದಿನ ಅಕ್ಕ ತನ್ನ ಅಂಗಡಿಯ ಪೂಜೆಯನ್ನು ಬೆಳಿಗ್ಗೆಯೇ ಮುಗಿಸಿ ನಮ್ಮ ಮನೆ ಬಾಗಿಲಿಗೆ ಬಂದಳು.

"ಹಳೇಬೀಡಿಗೆ ಹೋಗ್ಬೇಕು, ನೀನೂ ಬಾ. ಬೊಟ್ಟು ಇಟ್ಟೋಳು ನೀನು, ಗುರುತು ಹೇಳೋಳೂ ನೀನೇ."

ಬಾಳೆಕಂದು ಕಟ್ಟಿಸಿಕೊಂಡ ಬಸ್ಸು ಜಾವಗಲ್ ಮೇಲಾಗಿ ಹೋಗುತ್ತಿತ್ತು. ಡ್ರೈವರಿನ ಎದುರಿನ ಗಾಜಿನ ತುಂಬ ಚೆಂಡುಹೂವು. ದಾರಿ ಅವರಿಗೆ ಹೇಗೆ ಕಾಣುತ್ತಿತ್ತೋ. ಯಾಕೆ ಹಳೇಬೀಡು, ಯಾಕೆ ಇವತ್ತು ಎಂದು ಕೇಳಿದೆ.

"ಕಲ್ಲು ಕೊಯ್ಯೋ ಮಷೀನ್ನ ಕೊಂಡೋನು ಅಟ್ಟದ ಮೇಲೆ ಮಲಗಿಸ್ತಾನೇನೆ? ಕಲ್ಲು ಎಲ್ಲೈತೋ ಅಲ್ಲೈತೆ ಅದು. ಅರಸೀಕೆರೇಲಿ ಕಲ್ಲಿನ ಕೆಲಸದೋರೆಲ್ಲ ನನ್ನತ್ರಾನೇ ಬಾಡಿಗೆ ತಗೊಳ್ಳೋರು, ಅವ್ರು ಕೊಳ್ಳಲ್ಲ. ಇನ್ನು ಇವತ್ತ್ಯಾಕೆ ಅಂದ್ರೆ... ಬೇರೆ ದಿನ ಹೋದ್ರೆ ಯಾರು ತೋರಿಸ್ತಾರೆ? ಇವತ್ತು ಪೂಜೆ ತಪ್ಪಿಸ್ದ ಆಯುಧ ವರ್ಷವೆಲ್ಲ ಕೈ ಕುಯ್ತದೆ ಅಂತ ಹೆದರ್ಕೊಂಡು, ಇರೋದನ್ನೆಲ್ಲ ತಂದು ಮುಂದೆ ಇಡ್ತಾರೆ. ಒಂದ್ನೂ ಬಚ್ಚಿಡಲ್ಲ."

ಇಲ್ಲಿ ಯಾರಾದರೂ ನನ್ನನ್ನು ತಡೆದು, ನೋಡಿದಿರಾ, ಆಯುಧಪೂಜೆಯೂ ದೇವರದ್ದೇ ತಾನೆ ಎನ್ನಬಹುದು. ಎಂದಿದ್ದಾರೆ ಕೂಡ. ನನ್ನ ಉತ್ತರ ಇಷ್ಟೇ: ದಾರಿ ತೋರಿಸಿದ್ದು ದೇವರಲ್ಲ, ದೇವರಿಗೆ ಹೆದರುವವರು ಏನು ಮಾಡುತ್ತಾರೆ ಎಂದು ಮುಂಚೆಯೇ ಊಹಿಸಿದ ಒಬ್ಬ ಹೆಂಗಸು. ಇವೆರಡೂ ಒಂದೇ ಎನ್ನುವವರ ಜೊತೆ ಇನ್ನೊಮ್ಮೆ ಕೂತು ವಾದಿಸಲು ನಾನು ಸಿದ್ಧ.

ಆಯುಧಪೂಜೆಯ ದಿನ ಯಾರ ಅಂಗಡಿಯೊಳಗೆ ಹೋದರೂ ಯಾಕೆ ಬಂದಿರಿ ಎಂದು ಕೇಳುವವರಿಲ್ಲ. ಕೈಗೆ ಒಂದು ಹಿಡಿ ಕಡ್ಲೆಪುರಿ ಸುರಿದು, ಕುಂಕುಮ ಕೊಟ್ಟು ಕಳಿಸುತ್ತಾರೆ. ಹಳೇಬೀಡಿನಲ್ಲಿ ಬಳಪದ ಕಲ್ಲಿನ ಗೊಂಬೆ ಕೆತ್ತುವವರ ಅಂಗಡಿಗಳನ್ನು ಹೀಗೆ ಒಂದೊಂದಾಗಿ ಹೊಕ್ಕು ಹೊರಟೆವು. ಅಕ್ಕನ ಸೆರಗಿನ ಮಡಿಲು ಕಡ್ಲೆಪುರಿಯಿಂದ ಉಬ್ಬಿತು. ಉಳಿ, ಸುತ್ತಿಗೆ, ಅರಗಳ ಸಾಲು ಸಾಲು. ನಮ್ಮ ಮಷೀನು ಮಾತ್ರ ಇಲ್ಲ. ಬಿಸಿಲು ಇಳಿಯತೊಡಗಿತು. ಅಕ್ಕ ಒಂದು ಕಟ್ಟೆಯ ಮೇಲೆ ಕೂತು, ಕಡ್ಲೆಪುರಿಯಲ್ಲಿ ಕಡಲೆ ಮಾತ್ರ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತ, "ಸಿಗ್ದಿದ್ರೆ ಅರೇಹಳ್ಳಿ ಬಸ್ಸಿಗೆ ಹಿಂಗೇ ಹತ್ತಿಬಿಡ್ತೀನಿ. ಅಂಗಡಿ ಕೀಲಿ ನೀನೇ ಕೊಟ್ಬಿಡು ಅವ್ರಿಗೆ," ಎಂದಳು. ತಮಾಷೆಗೆ ಎಂಬಂತೆ ಹೇಳಿದಳು... ಆದರೆ ಆ ಹೊತ್ತು ಅವಳು ನನ್ನ ಮುಖ ನೋಡಲಿಲ್ಲ.

ಬಸದಿಯ ಕಡೆ ತಿರುಗುವ ರಸ್ತೆಯಲ್ಲಿ ಇನ್ನೊಂದು ಶೆಡ್ಡು ಉಳಿದಿತ್ತು. ಒಳಗೆ ಒಬ್ಬ ವಯಸ್ಸಾದ ಶಿಲ್ಪಿ. ಮಣೆಯ ಮೇಲೆ ಉಳಿಗಳ ಪಕ್ಕದಲ್ಲಿ, ಮೈಯೆಲ್ಲ ಹೊಸ ನೀಲಿ ಪೇಂಟು ಹೊಡೆಸಿಕೊಂಡ, ಮೂತಿಗೆ ಚೆಂಡುಹೂವು ಮುಡಿದ ಮಷೀನು ಕೂತಿತ್ತು. ಅಕ್ಕ ಕಡ್ಲೆಪುರಿಗೆ ಕೈ ಚಾಚಲಿಲ್ಲ.

"ಯಜಮಾನ್ರೇ, ಇದನ್ನ ಒಂದ್ಸಲ ಬಿಚ್ಚಿ ನೋಡ್ಬೇಕು."

"ಪೂಜೆಗಿಟ್ಟಿದ್ದು ತಾಯಿ. ನಾಳೆ ತನಕ ಎತ್ತಂಗಿಲ್ಲ. ನಾನೇ ಮುಟ್ಟಲ್ಲ."

"ನಾಳೆ ಹೊತ್ತಿಗೆ ಇದು ಇಲ್ಲಿರಲ್ಲ ಅನ್ನೋದು ನಂಗೂ ಗೊತ್ತು, ನಿಮಗೂ ಗೊತ್ತು."

"ಅಂದ್ರೆ ನಾನು ಕಳ್ಳ ಅಂತಲಾ ನೀನು ಹೇಳೋದು?"

ಅಕ್ಕಪಕ್ಕದ ಅಂಗಡಿಯವರು ಬಾಗಿಲಿಗೆ ಬಂದರು. ಪೂಜೆಗಿಟ್ಟ ಆಯುಧ ಮುಟ್ಟಲು ಬಂದಿದ್ದಾಳಂತೆ ಎಂಬ ಗುಜುಗುಜು. ನಾನು ಗಂಟಲು ಸರಿಮಾಡಿಕೊಂಡು, "ಸನ್ಮಾನ್ಯರೇ, ಪ್ರಶ್ನೆ ಮುಟ್ಟುವುದರದ್ದಲ್ಲ..." ಎಂದು ಶುರುಮಾಡಿದೆ.

"ಸುಮ್ನಿರೇ, ಇಲ್ಲಿ ಗೆದ್ರೆ ಕಪ್ಪು ಕೊಡಲ್ಲ," ಎಂದು ಅಕ್ಕ ನನ್ನನ್ನು ಹಿಂದಕ್ಕೆ ಸರಿಸಿದಳು. ಮಡಿಲಿನ ಕಡ್ಲೆಪುರಿಯನ್ನೆಲ್ಲ ಮಣೆಯ ಮುಂದೆ ಸುರಿದಳು, ಹೂವು ತೆಗೆದು ಪಕ್ಕಕ್ಕಿಟ್ಟಳು, ಮಷೀನನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಯಾರೋ ಶಿವ ಶಿವಾ ಎಂದರು. ಸೊಂಟದಿಂದ ಸೆರಗಿನ ಗಂಟು ಎಳೆದು ಬಿಚ್ಚಿದಳು. ಗುಡಿಗೆ ಕೊಡದೆ ಉಳಿಸಿಕೊಂಡಿದ್ದ ಕೀಲಿ! ಅದರ ಚಪ್ಪಟೆ ತುದಿಯನ್ನು ಮುಚ್ಚಳದ ಗೀರಿಗೆ ಕೊಟ್ಟು ತಿರುಗಿಸಿದಳು. ಮುಚ್ಚಳ ಅಂಗೈಗೆ ಬಿತ್ತು. ಅದರ ಒಳಗಡೆಯನ್ನು ನನ್ನ ಕಣ್ಣ ಮುಂದೆ ಹಿಡಿದಳು.

ಗುಲಾಬಿ ಬೊಟ್ಟು. ಇನ್ನೊಂದು ಪಕ್ಕೆಯದನ್ನೂ ತೆಗೆದಳು. ಅಲ್ಲೂ ಗುಲಾಬಿ ಬೊಟ್ಟು.

"ಈಗ ನೀವೇ ಹೇಳಿ ಯಜಮಾನ್ರೇ. ಪೇಂಟು ನಿಮ್ಮದು, ಒಪ್ಪಿದೆ. ಈ ಬೊಟ್ಟು ಯಾರದ್ದು?"

ಶಿಲ್ಪಿ ಆ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದರು. ಕಳ್ಳರಾಗಿದ್ದರೆ ಅವರು ಕೂಗಾಡುತ್ತಿದ್ದರು. ಅವರು ಕುಸಿದು ಕೂತರು.

"ನಾನು ಕೊಂಡಿದ್ದು ಕಣಮ್ಮ, ನ್ಯಾಯವಾಗಿ ಕೊಂಡಿದ್ದು. ಅರಸೀಕೆರೆಯಿಂದ ಒಬ್ರು ಸ್ಕೂಟರ್ನಲ್ಲಿ ತಂದ್ರು. ನಮ್ಮ ಅತ್ತಿಗೇದು ಅಂಗಡಿ ಮುಚ್ತಾ ಇದೀವಿ, ಸಾಮಾನೆಲ್ಲ ವಿಲೇವಾರಿ ಮಾಡ್ತಾ ಇದೀವಿ ಅಂದ್ರು. ನಂಬಿದೆ."

ಅಕ್ಕ ಅವರ ಕೈಯಿಂದ ಮುಚ್ಚಳ ಈಸಿಕೊಂಡಳು. ಮುಚ್ಚಳಗಳನ್ನು ಒಂದೊಂದಾಗಿ ಮತ್ತೆ ಬಿಗಿಮಾಡಿದಳು. ಆಮೇಲೆ ಮಷೀನನ್ನು ಕಂಕುಳಲ್ಲಿ ಹಿಡಿದು ಎದ್ದು ನಿಂತಳು.

"ಮುಚ್ಚಿಲ್ಲ. ಮುಚ್ಚೋದೂ ಇಲ್ಲ. ನಾಳೆ ಅರಸೀಕೆರೆಗೆ ಬನ್ನಿ, ಸ್ಕೂಟರ್ ಎಲ್ಲಿ ನಿಲ್ತದೆ ಅಂತ ತೋರಿಸ್ತೀನಿ. ನಿಮ್ ದುಡ್ಡು ನೀವು ವಸೂಲಿ ಮಾಡ್ಕೊಂಡು ಹೋಗಿ."

ಮಾರನೆಯ ದಿನ ಶಿಲ್ಪಿ ಬಂದರು. ಅತ್ತೆಯ ಮನೆಯ ಮುಂದೆ ನಿಂತಿದ್ದ ಸ್ಕೂಟರಿನ ಸೀಟನ್ನು ಅಂಗೈಯಿಂದ ತಟ್ಟಿ, "ಇದೇ," ಎಂದರು. ಒಳಗಿಂದ ಮೈದುನ ಹೊರಗೆ ಬಂದ, ಅವರನ್ನು ನೋಡಿದ, ಬಣ್ಣಗೆಟ್ಟ. ಶಿಲ್ಪಿಯನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಅವರು ತಮ್ಮ ದುಡ್ಡು ಪಡೆದುಕೊಂಡು ಹಿಂದಿನ ಬಾಗಿಲಿನಿಂದ ಹೋದರು. ಮುಂದಿನ ಬಾಗಿಲು ತೆರೆದಾಗ ಅತ್ತೆ ಹೊಸ್ತಿಲ ಮೇಲೆ ನಿಂತು, ನೆರೆದವರಿಗೆಲ್ಲ ಕೇಳುವ ಹಾಗೆ, "ಅಮ್ಮನೇ ಕೊಡಿಸಿದ್ಲು ಕಣ್ರಪ್ಪಾ! ಸತ್ಯವಂತೆ ತಾಯಿ!" ಎಂದರು. ಕಥೆ ಹುಟ್ಟಿದ್ದು ಆ ಹೊಸ್ತಿಲ ಮೇಲೆ. ಅಮ್ಮ ಕೊಡಿಸಿದಳು ಎಂದುಬಿಟ್ಟರೆ ಯಾರು ಕದ್ದರು ಎಂದು ಕೇಳುವ ಹಾಗಿಲ್ಲ. ಪೂಜೆಗಿಟ್ಟ ಆಯುಧವನ್ನು ಒಬ್ಬ ಗಂಡ ಸತ್ತ ಹೆಂಗಸು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು ಎಂದೂ ಹೇಳಬೇಕಿಲ್ಲ. ಮಗನ ಮಾನ ಉಳಿಯಿತು, ಸೊಸೆಯ ಧೈರ್ಯ ಕಥೆಯಿಂದಲೇ ಅಳಿಸಿಹೋಯಿತು.

"ನೀನ್ಯಾಕಕ್ಕಾ ಬಾಯಿಬಿಡಲಿಲ್ಲ?" ಎಂದು ನಾನು ಜಗಳಕ್ಕೆ ನಿಂತೆ.

"ಕಥೆ ಅವರಿಗಿರ್ಲಿ ಬಿಡೇ. ಅಂಗಡಿ ನನಗೆ ಉಳೀತಲ್ಲ."

ಒಪ್ಪಲಿಲ್ಲ ನಾನು. ಇವತ್ತಿಗೂ ಒಪ್ಪಿಲ್ಲ. ಅಂಗಡಿಯ ಜೊತೆಗೆ ಕಥೆಯೂ ಅವಳದ್ದೇ ಆಗಬೇಕಿತ್ತು.

ಒತ್ತೆಯ ಪದ್ಧತಿಗೆ ಒಂದು ತಿದ್ದುಪಡಿ ಮಾತ್ರ ಅವಳು ತಂದಳು. ಮುಂದೆ ಮೈದುನ ಬೇರೆ ಬೀದಿಯಲ್ಲಿ ಬೂತ್ ತೆರೆದ. ಬೋರ್ಡು ಕೂರಿಸಲು ಡ್ರಿಲ್ಲು ಬೇಕಾಗಿ ಅಂಗಡಿಗೆ ಬಂದ. ಬಡಗಿಗಳು, ಗಾರೆಯವರು ಐದಾರು ಜನ ಅಲ್ಲೇ ಇದ್ದರು.

"ಒತ್ತೆ ಏನಿಡ್ತೀಯಪ್ಪಾ?" ಎಂದಳು ಅಕ್ಕ, ತಂತಿ ಸುತ್ತುತ್ತಲೇ.

"ನಾನಾ? ಮನೆಯೋನು ಅತ್ತಿಗೆ ನಾನು!"

"ಅದುಕ್ಕೇ ಕೇಳಿದ್ದು."

"ನನ್ ಹತ್ರ ಯಾವ ಆಯುಧ ಐತೆ?"

"ಸ್ಕೂಟರ್ ಕೀಲಿ ಐತಲ್ಲ. ಅದುನ್ನೇ ತಗಲಾಕು ಗೋಡೆಗೆ."

ಅಂಗಡಿ ತುಂಬ ನಗು. ಅವನು ಕೀಲಿಯನ್ನು ಮೊಳೆಗೆ ಸಿಕ್ಕಿಸಿ, ಡ್ರಿಲ್ಲು ಹೆಗಲ ಮೇಲಿಟ್ಟುಕೊಂಡು, ಬೀದಿಯುದ್ದಕ್ಕೂ ನಡೆದುಕೊಂಡು ಹೋದ. ಸಂಜೆ ಡ್ರಿಲ್ಲು ವಾಪಸು ಬಂತು, ಹೇಳಿದ ಹೊತ್ತಿಗಿಂತ ಮುಂಚೆಯೇ.

ಅಕ್ಕ ಹೋಗಿ ಒಂದು ವರ್ಷವಾಯಿತು. ಒತ್ತೆ ಇಟ್ಟಿದ್ದವರೆಲ್ಲ ಬಂದು ತಮ್ಮ ತಮ್ಮ ಉಳಿ, ಕರಣೆಗಳನ್ನು ಬಿಡಿಸಿಕೊಂಡು ಹೋದರು. ಖಾಲಿ ಗೋಡೆಯಲ್ಲಿ ಮೊಳೆಗಳಷ್ಟೇ ಇವೆ; ಒಂದೊಂದು ಮೊಳೆಯ ಕೆಳಗೂ ಹಿಡಿ ಉಜ್ಜಿ ಉಜ್ಜಿ ಆದ ಕಲೆ. ಗುಡಿಯ ಕಟಕಟೆಯಲ್ಲಿ ಅವಳ ಬೀಗ ಇನ್ನೂ ಇದೆ, ಹೋಗಿ ಜಗ್ಗಿ ನೋಡಿ ಬಂದೆ. ಅದರ ಕೀಲಿ ಎಲ್ಲಿ ಹೋಯಿತೋ... ಅವಳ ಸೀರೆಗಳ ಸೆರಗಿನ ಗಂಟುಗಳನ್ನೆಲ್ಲ ಬಿಚ್ಚಿ ಹುಡುಕಿದೆವು, ಸಿಗಲಿಲ್ಲ. ಬಸ್ಸಿನ ಆ ಹುಡುಗಿ ಹತ್ತೂ ಉಗುರಿಗೆ ಬಣ್ಣ ಹಚ್ಚಿ ಮುಗಿಸುವವರೆಗೂ ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ.

ನಾನು ಆ ಬಸ್ಸಿನಲ್ಲಿ ಹೊರಟಿದ್ದದ್ದು ಅವಳ ವರ್ಷದ ತಿಥಿಗೆ. ಊಟದ ಪಂಕ್ತಿಯಲ್ಲಿ ಮೈದುನನೇ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದರು. ಈಗ ತಲೆ ನರೆತಿದೆ, ನಾನೂ ಅವರನ್ನು ಅಣ್ಣ ಎಂದೇ ಕರೆಯುತ್ತೇನೆ. ಹೊಸ ನೆಂಟರೊಬ್ಬರಿಗೆ ಅದೇ ಕಥೆಯನ್ನು ಅದೇ ಭಕ್ತಿಯಿಂದ ಹೇಳುತ್ತ ಬಂದರು. ಆ ಗುಡಿಯಲ್ಲಿ ಬೀಗ ಬಿದ್ದರೆ ಮುಗೀತು, ಕದ್ದವನಿಗೆ ಉಸಿರು ನಿಲ್ಲುತ್ತೆ, ಸುಮ್ನೆ ಅಲ್ಲ ಕಣ್ರೀ ಆ ತಾಯಿ, ಎಂದು ಮುಗಿಸಿ ನನ್ನ ಎಲೆಯ ಮುಂದೆ ಸೌಟು ಎತ್ತಿದರು. ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ಅಣ್ಣಾ, ಬೀಗ ಇನ್ನೂ ಅಲ್ಲೇ ಇದೆ, ನೋಡಿಕೊಂಡು ಬಂದೆ. ಬಿಚ್ಚಿದವರು ಯಾರೂ ಇಲ್ಲ. ಮತ್ತೆ ಇಷ್ಟು ವರ್ಷ ನಿಮಗೆ ಉಸಿರಾಡೋಕೆ ಹೇಗೆ ಆಗ್ತಾ ಇದೆ?"